ಗಟ್ಟಿಂಗ್ ಸರಿ ಇಲ್ಲ

"ಇದು ಏಳನೇ ಜೋಡಿ."

ಅವಳು ಹೇಳಿದ್ದು ಮೆಲ್ಲಗೇ. ಆದರೆ ಆ ಮೆಲುದನಿಯ ಹಿಂದೆ ಏನು ಬರುತ್ತದೆಂದು ಅವಳ ಅಪ್ಪನಿಗೆ ಗೊತ್ತಿತ್ತು. ಗಲ್ಲಾದ ಹಿಂದೆ ಕೂತಿದ್ದ ಅವರು ಪೇಪರನ್ನು ಇನ್ನೊಂದು ಗೇಣು ಮೇಲೆತ್ತಿ ಮುಖ ಮುಚ್ಚಿಕೊಂಡರು.

ಬೆಂಚಿನ ಮೇಲಿದ್ದ ಗಿರಾಕಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಎತ್ತರದ ಆಳು. ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗದ ಗ್ರೀಸು. ಏಳನೇ ಶೂ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ಎರಡು ಸಲ ನಡೆದ, ನಿಂತಲ್ಲೇ ನಾಲ್ಕು ಸಲ ಕುಪ್ಪಳಿಸಿದ, ಆಮೇಲೆ ಹೇಳಿದ, "ಇದು ಸರಿಯಾಗಿದೆ."

ಅಬ್ಬ, ಅಂತೂ ಇಂತೂ... ಎಂದುಕೊಂಡು ಅವಳು ಡಬ್ಬಿ ತರಲು ತಿರುಗಿದಳು. ವಾಪಸು ತಿರುಗಿದಾಗ ಅವನು ಶೂ ಬಿಚ್ಚಿ, ಬೋರಲು ಹಾಕಿ, ಅಡಿಯಲ್ಲಿದ್ದ ಚೀಟಿಯ ಫೋಟೋ ತೆಗೆಯುತ್ತಿದ್ದ.

"ಫೋಟೋ ಯಾಕೆ?"

"ಸೈಜ್ ಮರೆತುಹೋಗುತ್ತೆ ಅಂತ..."

"ಶೂನೇ ಮನೆಗೆ ತಗೊಂಡು ಹೋದ್ರೆ ಸೈಜ್ ಯಾಕೆ ಮರೆಯುತ್ತೆ?"

ಅವನ ಕಿವಿ ಎರಡೂ ಕೆಂಪಗಾದವು. ಸುಳ್ಳು ಹೇಳಲು ಬಾರದವರ ಕಿವಿ ಹಾಗೇ.

"ಬೆಂಚು ನಮ್ಮದು, ಕನ್ನಡಿ ನಮ್ಮದು, ಮಂಡಿ ಊರಿ ಲೇಸ್ ಕಟ್ಟಿದ ಕೈ ನನ್ನದು. ಖರೀದಿ ಮಾತ್ರ ನೆಟ್ಟಲ್ಲಿ. ಅಲ್ವಾ?" ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಈ ವಾರ ನೀವು ನಾಲ್ಕನೆಯವರು. ಪರವಾಗಿಲ್ಲ, ಹೋಗಿ ಬನ್ನಿ. ಇದು ಶೂ ಅಂಗಡಿ ಅಲ್ಲ, ಕಾಲು ಅಳೆಯೋ ಛತ್ರ."

ಅವನು ತನ್ನ ಹಳೇ ಶೂ ಏರಿಸಿಕೊಂಡ. ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದ, ಹೊರಟುಹೋದ.

ಪೇಪರಿನ ಹಿಂದಿನಿಂದ ಅಪ್ಪನ ದನಿ ಬಂತು. "ಆಯ್ತಾ? ಇದ್ದೊಬ್ಬ ಗಿರಾಕಿನೂ ಓಡಿಸಿದ್ಯಾ?"

"ಗಿರಾಕಿ ಎಲ್ಲಿದ್ದ ಅಪ್ಪಾ? ಛಾಯಾಗ್ರಾಹಕ ಬಂದಿದ್ದ."

ಅಪ್ಪ ನಕ್ಕರು. ಅವಳೂ ನಕ್ಕಳು. ಆದರೆ ಆ ಕೆಂಪು ಕಿವಿ ಮಾತ್ರ ಸಂಜೆಯವರೆಗೂ ಅವಳ ಕಣ್ಣಮುಂದೆಯೇ ಇತ್ತು. ಸ್ವಲ್ಪ ಜಾಸ್ತಿಯೇ ಅಂದೆನೇನೋ...

ಅವಳಿಗೆ ಎಲ್ಲರೂ ಇಟ್ಟ ಹೆಸರು ಗಟ್ಟಿಗಿತ್ತಿ. ಬಾಯಿ ಗಟ್ಟಿ ಎಂದಲ್ಲ, ಅದೂ ಗಟ್ಟಿಯೇ ಬಿಡಿ. ಬ್ಯಾಡ್ಮಿಂಟನ್ ಬ್ಯಾಟಿಗೆ ದಾರ ಕಟ್ಟುವುದಕ್ಕೆ ಆಡುವವರು 'ಗಟ್ಟಿಂಗ್' ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಅವಳ ಕೆಲಸ ಅದೇ. ಆಟದ ಸಾಮಾನಿನ ಈ ಅಂಗಡಿಯ ಮೂಲೆಯ ಯಂತ್ರಕ್ಕೆ ಬ್ಯಾಟು ಬಿಗಿದು, ಉದ್ದದ ಎಳೆ ಎಳೆದು, ಅಡ್ಡದ ಎಳೆ ಹೆಣೆದು, ಕೊನೆಯ ಗಂಟು ಹಾಕಿ, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಮೀಟುತ್ತಾಳೆ. ಸದ್ದು ಒಪ್ಪಿದರೆ ಸರಿ. ಒಪ್ಪದಿದ್ದರೆ ಅಷ್ಟನ್ನೂ ಕತ್ತರಿಸಿ ಮತ್ತೆ ಮೊದಲಿಂದ. ಗಟ್ಟಿಂಗ್ ಮಾಡುವವಳು ಗಟ್ಟಿಗಿತ್ತಿಯಾದಳು.

ಆದರೆ ಈಗ ಕಾಲ ಕೆಟ್ಟಿತ್ತು. ಜನ ಆಟಕ್ಕೆ ಖರ್ಚು ಮಾಡುತ್ತಿರಲಿಲ್ಲ ಎಂದಲ್ಲ, ಹಿಂದೆಂದಿಗಿಂತ ಹೆಚ್ಚೇ ಮಾಡುತ್ತಿದ್ದರು. ರಾತ್ರಿ ವಿಡಿಯೋ ನೋಡುವುದು, ಬೆಳಿಗ್ಗೆ ಆರ್ಡರ್ ಮಾಡುವುದು. ಒಂದು ಮಹಡಿ ಹತ್ತಲು ಏದುಸಿರು ಬಿಡುವವರ ಮನೆಗೆ ಮ್ಯಾರಥಾನ್ ಶೂ ಬರುತ್ತಿತ್ತು. ಗಟ್ಟಿಗಿತ್ತಿಯ ಸ್ವಂತ ಚಿಕ್ಕಮ್ಮನೇ, ಯಾರೋ ತೆಳ್ಳಗಿನವಳು ಓಡುವುದನ್ನು ಫೋನಿನಲ್ಲಿ ನೋಡಿ, ಮನೆಯೊಳಗೆ ಓಡುವ ಯಂತ್ರ ತರಿಸಿದ್ದರು. ಈಗ ಅದರ ಮೇಲೆ ಒದ್ದೆ ಟವೆಲುಗಳು ಒಣಗುತ್ತವೆ. "ಬಟ್ಟೆ ಬೇಗ ಆರುತ್ತೆ ಕಣೇ" ಎಂದು ಚಿಕ್ಕಮ್ಮನೇ ಸಮಾಧಾನ ಹೇಳುತ್ತಾರೆ.

ಇಪ್ಪತ್ತೆಂಟು ವರ್ಷದ ಅಂಗಡಿಗೆ ಗಿರಾಕಿಗಳು ಬರುವುದು ಮುಟ್ಟಿ ನೋಡುವುದಕ್ಕೆ ಮಾತ್ರ ಎಂಬಂತಾಗಿತ್ತು. ಅಪ್ಪ ಸೋತಿದ್ದರು. ಪಾರ್ಸೆಲ್ ಕಂಪನಿಯವರು ಜಾಗ ಕೇಳಿದ್ದರು, ನೆಟ್ಟಿನ ಸಾಮಾನು ತುಂಬಿಡಲು. "ಇನ್ನು ಮೂರು ತಿಂಗಳು ನೋಡೋಣ. ಹಿಂದಿನ ಬೀದಿ ಕ್ಲಬ್ಬಿನ ಬ್ಯಾಟುಗಳೆಲ್ಲ ನಮ್ಮ ಕೈಗೆ ಬಂದ್ರೆ ಸರಿ. ಇಲ್ಲಾಂದ್ರೆ ಬಿಟ್ಟುಕೊಟ್ಟುಬಿಡೋಣ ಮಗಳೇ" ಎಂದಿದ್ದರು.

ಬಿಟ್ಟುಕೊಟ್ಟರೆ ಯಂತ್ರ ಎಲ್ಲಿ ಇಡುವುದು? ಅದಿಲ್ಲದೆ ತಾನು ಯಾರು? ಅವಳು ಅದನ್ನು ಅಪ್ಪನ ಮುಂದೆ ಕೇಳಲಿಲ್ಲ.

ಹತ್ತು ದಿನ ಕಳೆದಿತ್ತು. ಅದೇ ಕೆಂಪು ಕಿವಿಯವನು ಬಂದ. ಕುಂಟಿಕೊಂಡು ಬಂದ!

"ಬೈಯೋದಾದ್ರೆ ಮೊದಲು ಬೈದುಬಿಡಿ," ಎಂದು ಬೆಂಚಿನ ಮೇಲೆ ಕೂತ. "ಆಮೇಲೆ ಈ ಹಿಮ್ಮಡಿ ನೋಡಿ."

ಹೊಸ ಶೂ. ನೆಟ್ಟಲ್ಲೇ ತರಿಸಿದ್ದು. ಹಿಮ್ಮಡಿ ಕಚ್ಚಿ ಕಚ್ಚಿ ಬೊಬ್ಬೆ ಬಂದಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಸೈಜ್ ಸರಿ ಇದೆ. ಲೇಸ್ ಕಟ್ಟೋದು ಗೊತ್ತಿಲ್ಲ ಅಷ್ಟೇ. ಮೇಲೆ ಈ ಕೊನೆಯ ತೂತು ಇದೆಯಲ್ಲ, ಸುಮ್ಮನೆ ಅಂದಕ್ಕೆ ಅಲ್ಲ ಇದು." ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ, ಲೇಸು ತೂರಿಸಿ ಬಿಗಿದಳು. "ಈಗ ನಡೀರಿ."

ನಡೆದ. ನಿಂತ. ಮತ್ತೆ ನಡೆದ. "ಅಯ್ಯೋ, ಜಾರ್ತಾನೇ ಇಲ್ಲ."

"ಇದನ್ನ ನೆಟ್ಟಲ್ಲಿ ಡಬ್ಬಿ ಜೊತೆ ಕಳಿಸಲ್ಲ ಅಲ್ವಾ?"

"ಇಲ್ಲ," ಎಂದ ಅವನು ಗಂಭೀರವಾಗಿ. "ನನ್ನದು ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡ ಗಂಡಸನ್ನು ಅವಳು ನೋಡಿದ್ದು ಕಡಿಮೆ. ಈ ಸಲ ಕೆಂಪಾದದ್ದು ಅವಳ ಕಿವಿ.

ಅವನು ಲಿಫ್ಟ್ ರಿಪೇರಿ ಮಾಡುವವನು. ಬೆಳಿಗ್ಗೆ ಹೊತ್ತು ಕೆಲಸಕ್ಕೆ ಮುಂಚೆ ಪಾರ್ಕಿನ ಕೋರ್ಟಿನಲ್ಲಿ ಆಡುತ್ತಾನೆ. ಆವತ್ತೇ ತನ್ನ ಹಳೇ ಬ್ಯಾಟು ಗಟ್ಟಿಂಗಿಗೆ ಕೊಟ್ಟು, ಅವಳ ನಂಬರು ತೆಗೆದುಕೊಂಡು ಹೋದ. ಮರುದಿನ ಮಧ್ಯಾಹ್ನ ಮೆಸೇಜ್ ಬಂತು. "ಸಂಜೆ ಬೇಟೆಗೆ ಬರುತ್ತೇನೆ. ರೆಡಿ ಇಡಿ."

ಅವಳು ಅಪ್ಪನಿಗೆ ತೋರಿಸಿದಳು. ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. "ಯಾರಮ್ಮ ಇವನು? ಬೇಟೆಗೆ ಏನು ರೆಡಿ ಇಡಬೇಕಂತೆ?"

ಸಂಜೆ ಕೇಳಿದರೆ ಅವನು ತಲೆ ಕೆರೆದುಕೊಂಡ. "'ಬ್ಯಾಟಿಗೆ' ಅಂದಿದ್ದೆ. ಕೈ ತುಂಬ ಗ್ರೀಸ್ ಇರುತ್ತಲ್ಲ, ಅದಕ್ಕೆ ಫೋನಿಗೆ ಬಾಯಲ್ಲೇ ಹೇಳ್ತೀನಿ, ಅದು ಬರ್ಕೊಳ್ಳುತ್ತೆ. ಲಿಫ್ಟ್ ಓಡಾಡೋ ಗುಂಡಿಯೊಳಗೆ ಮಾತು ಗುಂಯ್ ಅನ್ನುತ್ತೆ ನೋಡಿ. ಅದಕ್ಕೆ ಕೇಳಿಸಿದ್ದೇ ಕನ್ನಡ."

"ಕಳಿಸೋ ಮುಂಚೆ ಒಂದ್ಸಲ ಓದಬಾರದಾ?"

"ಓದಿದ್ರೆ ನೀವು ನಗ್ತಿರಲಿಲ್ವಲ್ಲ."

ಆವತ್ತಿನಿಂದ ವಾರಕ್ಕೆ ಎರಡು ಸಲ 'ಬೇಟೆ' ನಡೆಯಿತು. ಒಂದೊಂದು ಸಲ ದಾರ ಚೆನ್ನಾಗಿಯೇ ಇರುತ್ತಿತ್ತು. "ಯಾಕೋ ಸಡಿಲ ಅನ್ಸುತ್ತೆ" ಎಂದು ಬಂದು ಕೂರುತ್ತಿದ್ದ. ಅವಳು ಮೀಟಿ ನೋಡಿ, ಸಡಿಲ ಇಲ್ಲವೆಂದು ತಿಳಿದೂ, "ಹೌದು, ಸ್ವಲ್ಪ" ಎನ್ನುತ್ತಿದ್ದಳು. ಅವಳು ಎಳೆ ಹೆಣೆಯುವುದನ್ನು ಅವನು ಕಣ್ಣು ಕೀಳದೆ ನೋಡುತ್ತಿದ್ದ. ನೋಡುತ್ತಿದ್ದದ್ದು ಎಳೆಯನ್ನಲ್ಲ ಎಂದು ಅಪ್ಪನ ಪೇಪರಿಗೂ ಗೊತ್ತಿತ್ತು.

ಹೀಗೆ ಎರಡು ತಿಂಗಳು ಹಾಲುಜೇನಿನಂತೆ ನಡೆದದ್ದಕ್ಕೆ ಯಾರ ಕಣ್ಣು ಬಿತ್ತೋ! ಒಂದು ದಿನ ಅವನು ಹೊಸ ಬ್ಯಾಟು ಹಿಡಿದು ಬಂದ. ನೆಟ್ಟಿನ ಬ್ಯಾಟು, ದಾರವನ್ನೂ ಅಲ್ಲೇ ಕಟ್ಟಿ ಕಳಿಸಿದ್ದು.

ಅವಳು ಯಂತ್ರದಿಂದ ಕೈ ತೆಗೆದಳು. "ಇದು ಎಲ್ಲಿಂದ?"

"ಅದು... ಊಟ ಮಾಡ್ತಾ ಒಂದು ವಿಡಿಯೋ ನೋಡ್ತಿದ್ದೆ. ಚಾಂಪಿಯನ್ ಒಬ್ಬ ಇದರಲ್ಲಿ ಹೊಡೀತಾನೆ, ಶಟಲ್ ಮಿಂಚಿನ ಹಾಗೆ ಹೋಗುತ್ತೆ. ಕೆಳಗೆ 'ಖರೀದಿಸಿ' ಅನ್ನೋ ಗುಂಡಿ ಇತ್ತು. ಬೆರಳು ತಾನಾಗೇ ಒತ್ತಿಬಿಡ್ತು."

"ಬೆರಳಿಗೆ ಈ ಅಂಗಡಿ ದಾರಿ ಗೊತ್ತಿರಲಿಲ್ವಾ?"

"ಹಾಗಲ್ಲ..."

"ನಮ್ಮ ಪರಿಸ್ಥಿತಿ ಎಲ್ಲ ನಿಮಗೆ ಹೇಳಿದ್ದೀನಿ. ಬೇರೆಯವರು ಮಾಡಿದ್ರೆ ನೋವಾಗಲ್ಲ. ನೀವು ಮಾಡಿದ್ರಿ." ಅವಳು ಯಂತ್ರದ ಕಡೆ ತಿರುಗಿದಳು. "ಇನ್ಮೇಲೆ ಗಟ್ಟಿಂಗೂ ಅಲ್ಲೇ ಮಾಡಿಸ್ಕೊಳ್ಳಿ."

ಬ್ಯಾಟಿಗಾಗಿ ಅಷ್ಟು ಕೋಪವೇ ಎಂದು ನೀವು ಕೇಳಬಹುದು. ಬ್ಯಾಟಿಗಲ್ಲ. ಇವನೊಬ್ಬ ನಮ್ಮವನು ಎಂದು ಅವಳು ಒಳಗೊಳಗೇ ಗೆರೆ ಎಳೆದುಕೊಂಡಿದ್ದಳು, ಅವನು ಆ ಗೆರೆಯ ಆಚೆ ನಿಂತಂತೆ ಕಂಡ.

ಎರಡು ದಿನ ಕಳೆಯಿತು. ಬುಧವಾರ ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿದರು. ಐವತ್ತು ಜನ ಆಡುವವರ ಬ್ಯಾಟುಗಳು ಯಾವ ಅಂಗಡಿಗೆ ಎಂದು ಶನಿವಾರ ತೀರ್ಮಾನಿಸಬೇಕಾದವರು.

"ಏನಮ್ಮ, ನಿಮ್ಮಂಗಡಿ ಬಗ್ಗೆ ನೆಟ್ಟಲ್ಲಿ ಹೀಗೆ ಬರೆದಿದ್ದಾರಲ್ಲ? ಹೆಸರಿನ ಜೊತೆ ಲಿಫ್ಟ್ ರಿಪೇರಿ ಅಂತ ಬೇರೆ ಇದೆ... ನಮ್ಮ ಮೆಂಬರುಗಳೆಲ್ಲ ನೋಡಿಬಿಟ್ಟಿದ್ದಾರೆ. ಈಗಿನ ಕಾಲದಲ್ಲಿ ಅದನ್ನ ಓದದೆ ಯಾರು ಏನು ತಗೋತಾರೆ ಹೇಳಿ. ನನಗೆ ಕಷ್ಟಕ್ಕೆ ಬಂತು."

ಅವಳು ಫೋನು ತೆರೆದು ನೋಡಿದಳು. ಅಂಗಡಿಯ ಹೆಸರಿನ ಕೆಳಗೆ, ಎಲ್ಲಕ್ಕಿಂತ ಮೇಲೆ, ಅವನ ಮುಖದ ಪುಟ್ಟ ಫೋಟೋ. ಪಕ್ಕದಲ್ಲಿ ಐದು ನಕ್ಷತ್ರ. ಕೆಳಗೆ ಬರಹ:

"ಈ ಅಂಗಡಿಯ ಗಟ್ಟಿಂಗ್ ಸರಿ ಇಲ್ಲ. ನೆಟ್ಟಲ್ಲಿ ತಗೊಳ್ಳಿ."

ಐದು ನಕ್ಷತ್ರ ಕೊಟ್ಟು ಅಣಕಿಸಿದ್ದಾನೆ... ಎರಡು ಮಾತು ಅಂದಿದ್ದಕ್ಕೆ ಹೀಗೆ ಸೇಡು ತೀರಿಸಿಕೊಂಡನಾ? ನನ್ನ ಬಾಯಿ ಸರಿ ಇಲ್ಲ ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನನ್ನ ಕೈಗೆ ಹೆಸರಿಟ್ಟನಲ್ಲ!

ಅವಳು ಯಂತ್ರದ ಹಿಂದೆ ಕೂತು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅವನ ನಂಬರನ್ನು ಬ್ಲಾಕ್ ಮಾಡಿದಳು.

ಗುರುವಾರ ಅವನು ಅಂಗಡಿಗೆ ಬಂದ. ಅವಳು ಗೋದಾಮಿನ ಬಾಗಿಲ ಹಿಂದೆ ನಿಂತು ಅಪ್ಪನಿಗೆ ಇಲ್ಲ ಎನ್ನುವಂತೆ ಕೈಯಾಡಿಸಿದಳು. "ಇಲ್ಲಪ್ಪ, ಅವಳಿಲ್ಲ," ಎಂದರು ಅಪ್ಪ. ಆ ಕೈಯ ನೆರಳು ಗೋಡೆಯ ಮೇಲೆ ಆಡುತ್ತಿದ್ದುದನ್ನು ಅವನು ನೋಡಿದ. ಹಾಗೇ ತಿರುಗಿ ಹೋದ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಮಗಳೇ," ಎಂದರು ಅಪ್ಪ. "ಒಂದ್ಸಲ ಕೇಳಿ ನೋಡಬಹುದಿತ್ತು."

"ಕೇಳೋಕೇನಿದೆ ಅಪ್ಪಾ? ಅಕ್ಷರ ಅಕ್ಷರ ಬರೆದಿದ್ದಾನೆ."

ಶುಕ್ರವಾರ. ಅಂಗಡಿಯಲ್ಲಿ ನೊಣ ಬಿಟ್ಟರೆ ಗಿರಾಕಿ ಇಲ್ಲ. ಅಪ್ಪ ಪಾರ್ಸೆಲ್ ಕಂಪನಿಯವರ ನಂಬರು ಹುಡುಕಲು ಫೋನು ತೆಗೆದರು. ತೆಗೆದವರು ಹುಬ್ಬು ಗಂಟಿಕ್ಕಿ ಕೂತುಬಿಟ್ಟರು.

"ಏನಪ್ಪಾ?"

"ಲಿಫ್ಟಿನವನು ನನಗೆ ಮೆಸೇಜ್ ಹಾಕಿದ್ದಾನೆ. ಅರ್ಥ ಆಗ್ತಿಲ್ಲ." ಅಪ್ಪ ಒಂದೊಂದೇ ಪದ ಓದಿದರು. "'ಯಜಮಾನರೇ, ನಿಮ್ಮ ಮಗಳ ಕೋಳಿ ಇಳಿಯಿತೇ?'"

"ಏನು?"

"ಕೋಳಿ. ನಮ್ಮ ಮನೇಲಿ ಕೋಳಿ ಎಲ್ಲಿದೆ? ಇದ್ರೂ ಎಲ್ಲಿಗೆ ಹತ್ತಿತ್ತು?"

ಅವಳಿಗೆ ನಗು ಉಕ್ಕಿಬಂತು. ಮೂರು ದಿನದಿಂದ ಅತ್ತ ಮುಖದಲ್ಲೇ ನಕ್ಕಳು. "ಕೋಪ ಅಪ್ಪಾ, ಕೋಪ ಇಳಿಯಿತಾ ಅಂತ. ಅವರ ಫೋನು ಯಾವಾಗ್ಲೂ ಹೀಗೇ, ಹೇಳಿದ್ದೊಂದು, ಬರೆಯೋದು..."

ಅವಳ ನಗು ಅಲ್ಲೇ ನಿಂತಿತು.

ಹೇಳಿದ್ದೊಂದು, ಬರೆಯೋದು ಇನ್ನೊಂದು.

ಅಯ್ಯೋ ದೇವರೇ... ಅವಳು ತನ್ನ ಫೋನು ಕಿತ್ತುಕೊಂಡಂತೆ ಎತ್ತಿ, ಆ ಬರಹವನ್ನು ಮತ್ತೆ ತೆರೆದು ಗಟ್ಟಿಯಾಗಿ ಓದಿದಳು. "ಗಟ್ಟಿಂಗ್ ಸರಿ ಇಲ್ಲ. ಸರಿ... ಸರಿ... ಇಲ್ಲ." ನಡುವೆ ಒಂದು ಪದ ಬೀಳುವಷ್ಟು ಜಾಗವಿತ್ತು. ಆ ಐದು ನಕ್ಷತ್ರ ಅಣಕವಲ್ಲ. ಬರೆದದ್ದರಲ್ಲಿ ನೆಟ್ಟಗೆ ಬಂದದ್ದು ಅದೊಂದೇ!

"ಅಪ್ಪಾ, ಅವರು ಇವತ್ತು ಎಲ್ಲಿ ಕೆಲಸ ಮಾಡ್ತಿದ್ದಾರೆ ಕೇಳಿ. ಬೇಗ ಕೇಳಿ."

"ನೀನೇ ಕೇಳು."

"ನಾನು ಬ್ಲಾಕ್ ಮಾಡಿದ್ದೀನಿ."

ಅಪ್ಪ ಮಗಳ ಮುಖ ನೋಡಿದರು. ಹಣೆ ಹಣೆ ಚಚ್ಚಿಕೊಂಡು ಫೋನ್ ಮಾಡಿದರು.

ಎರಡು ಬೀದಿ ಆಚೆ, ಒಂಬತ್ತು ಮಹಡಿಯ ಕಟ್ಟಡ. ಬಾಗಿಲಲ್ಲೇ ಬೋರ್ಡು: ಲಿಫ್ಟ್ ಕೆಲಸ ನಡೆಯುತ್ತಿದೆ, ಮೆಟ್ಟಿಲು ಬಳಸಿ. ಇನ್ನೇನು ಮಾಡುವುದು? ಹತ್ತಿದಳು. ಮೂರನೇ ಮಹಡಿಗೆ ಮಾತು ಜೋಡಿಸಿಕೊಂಡಳು, ಐದನೆಯದಕ್ಕೆ ಅದೆಲ್ಲ ಮರೆತಳು, ಏಳನೆಯದಕ್ಕೆ ಉಸಿರೇ ಇರಲಿಲ್ಲ.

ಏಳನೇ ಮಹಡಿಯ ಲಿಫ್ಟಿನ ಬಾಗಿಲು ತೆರೆದಿತ್ತು. ಮುಂದೆ ಹಳದಿ ಅಡ್ಡಪಟ್ಟಿ. ಅವನು ಕೆಳಗೆ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಏನೋ ಬಿಗಿಯುತ್ತಿದ್ದ. ನೆಲದ ಮಟ್ಟಕ್ಕೆ ಅವನ ಮುಖ ಮಾತ್ರ ಕಾಣುತ್ತಿತ್ತು. ಅವನಿಗೆ ಮೊದಲು ಕಂಡದ್ದು ಅವಳ ಚಪ್ಪಲಿ. ಆಮೇಲೆ ಅವಳು.

"ನೀವಾ? ಏಳು ಮಹಡಿ ಹತ್ತಿದ್ರಾ?"

ಅವಳು ಅಡ್ಡಪಟ್ಟಿಯ ಈಚೆ ನೆಲದ ಮೇಲೆ ಕುಸಿದು ಕೂತಳು. "ನೆಟ್ಟಲ್ಲಿ... ನೀವು... ಬಾಯಲ್ಲಿ ಏನು ಹೇಳಿದ್ರಿ? ಹೇಳಿದ ಹಾಗೇ ಹೇಳಿ."

"ಅದಾ? ನೋಡಿದ್ರಾ?" ಅವನ ಮುಖ ಅರಳಿತು. "ನೋಡಿ ಖುಷಿಯಾಗಿ ಫೋನ್ ಮಾಡ್ತೀರ ಅಂತ ನಾಲ್ಕು ದಿನದಿಂದ ಕಾಯ್ತಿದ್ದೆ. ನೀವು ಮಾಡಲೇ ಇಲ್ಲ. ಕೋಪ ಇಳಿದಿಲ್ಲ ಅಂದ್ಕೊಂಡೆ."

"ಏನು ಹೇಳಿದ್ರಿ?"

ಅವನು ನಾಚಿಕೊಂಡ. "'ಈ ಅಂಗಡಿಯ ಗಟ್ಟಿಂಗಿಗೆ ಸರಿಸಾಟಿ ಇಲ್ಲ. ನೆಟ್ಟಲ್ಲಿ ತಗೊಳ್ಳಿ ಅಂತ ಯಾರು ಹೇಳಿದ್ರೂ ಕೇಳಬೇಡಿ, ನಾನು ಕೇಳಿ ಕೆಟ್ಟೆ.' ಬ್ಯಾಟ್ ತಗೊಂಡಿದ್ದು ತಪ್ಪಾಯ್ತು ಅಂತ ನಿಮಗೆ ಹೇಳೋಕೆ ಬೇರೆ ದಾರಿ ತಿಳೀಲಿಲ್ಲ. ಊರಿಗೆಲ್ಲ ಕೇಳೋ ಹಾಗೆ ಹೇಳೋಣ ಅಂತ."

ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಓದಿದ. ಕಿವಿಯಿಂದ ಬಣ್ಣ ಪೂರ್ತಿ ಇಳಿದುಹೋಯಿತು.

"ಇದು ನಾನು ಬರೆದಿದ್ದಲ್ಲ," ಎಂದ. "ಗುಂಡಿಯಲ್ಲಿ ಸಿಗ್ನಲ್ ಹೋಗ್ತಾ ಬರ್ತಾ ಇತ್ತು... ನಕ್ಷತ್ರ ಮಾತ್ರ ಬೆರಳ ಗೆಣ್ಣಲ್ಲಿ ನಾನೇ ಒತ್ತಿದೆ. ಇದನ್ನ ನೋಡಿ ನೀವು ನಾಲ್ಕು ದಿನ..."

"ಮೂರು. ಬುಧವಾರ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿ ಹೇಳಿದ ಮೇಲೆ ನೋಡಿದ್ದು."

"ನನ್ನನ್ನ ಎಷ್ಟು ಬೈದಿರಬಹುದು."

"ಬೈದಿದ್ದಕ್ಕಿಂತ ಅತ್ತಿದ್ದು ಜಾಸ್ತಿ," ಎಂದುಬಿಟ್ಟಳು ಗಟ್ಟಿಗಿತ್ತಿ. ಹೇಳಿದ ಮೇಲೆ, ಹೇಳಿದ್ದೇನು ಎಂದು ತಿಳಿದು ತುಟಿ ಕಚ್ಚಿಕೊಂಡಳು. ಆದರೆ ಎದೆಯ ಮೇಲಿದ್ದ ಕಲ್ಲು ಉರುಳಿಹೋಗಿತ್ತು. ಮೊದಲ ದಿನ ಅವಳು ಅವನ ಕಾಲ ಬಳಿ ಕೂತಿದ್ದಳು. ಇವತ್ತು ಅವನ ಮುಖ ಅವಳ ಕಾಲ ಬಳಿ ಇತ್ತು. ಇಬ್ಬರಿಗೂ ಅದು ಒಟ್ಟಿಗೇ ಹೊಳೆದು ನಗು ಬಂತು. ಲಿಫ್ಟಿನ ಗುಂಡಿ ಆ ನಗುವನ್ನು ಒಂಬತ್ತೂ ಮಹಡಿಗೆ ಹಂಚಿತು.

"ನನ್ನ ಜೇಬಲ್ಲಿ ಫೋನಿದೆ, ಇವತ್ತು ನೀವೇ ಬರೀರಿ," ಎಂದ ಅವನು, ಗ್ರೀಸಿನ ಕೈ ಮೇಲೆತ್ತಿ ಭುಜ ಮುಂದೆ ಮಾಡಿ. "ನಾನು ಹೇಳ್ತೀನಿ."

ಅವಳು ಅಡ್ಡಪಟ್ಟಿಯ ಅಡಿಯಿಂದ ಬಗ್ಗಿ ಅವನ ಅಂಗಿಯ ಜೇಬಿನಿಂದ ಫೋನು ತೆಗೆದು, ತನ್ನ ಬೆರಳಿಂದಲೇ ಸರಿಪಡಿಸಿದಳು. 'ಸಾಟಿ' ಎಂದು ಬರೆಯುವಾಗ ಅವಳಿಗೇ ನಾಚಿಕೆಯಾಯಿತು. ತನ್ನನ್ನು ತಾನೇ ಹೊಗಳಿಕೊಂಡಂತೆ!

"ಇನ್ನೊಂದು ಮಾತಿದೆ," ಎಂದ ಅವನು. "ಅದು ನೆಟ್ಟಿಗಲ್ಲ. ಈ ಕೈಯಲ್ಲಿ ಹೇಳೋ ಮಾತೂ ಅಲ್ಲ. ನಾಳೆ ಹೇಳ್ತೀನಿ."

ಶನಿವಾರ ಬೆಳಿಗ್ಗೆ, ಅವಳಿಗೆ ಹೇಳದೆ, ಅವನು ಒಬ್ಬನೇ ಕ್ಲಬ್ಬಿಗೆ ಹೋದ. ಕಾರ್ಯದರ್ಶಿಗೆ ಹೊಸ ಬರಹ ತೋರಿಸಿ, ಹಳೆಯದು ಫೋನಿನ ತಪ್ಪು ಎಂದ. ಅವರು ನಂಬಲಿಲ್ಲ. ನೆಟ್ಟಿನಲ್ಲಿ ದುಡ್ಡು ತೆಗೆದುಕೊಂಡು ಹೊಗಳುವವರನ್ನು ಅವರು ಕಂಡಿದ್ದರು. ಕೊನೆಗೆ ಕೋಳಿಯ ಮೆಸೇಜ್ ತೋರಿಸಿದ. ಕಾರ್ಯದರ್ಶಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಆಮೇಲೆ ಅವನು ತನ್ನ ಹಳೇ ಬ್ಯಾಟು ಅವರ ಕೈಗೆ ಕೊಟ್ಟ. "ಓದಿದ್ದು ಸಾಕು ಸಾರ್. ಒಂದು ಆಟ ಆಡಿ ನೋಡಿ."

ಆಡಿದರು. ಒಂದಲ್ಲ, ಮೂರು ಆಟ.

ಸಂಜೆ ಐದಕ್ಕೆ ಅಂಗಡಿಯ ಮುಂದೆ ಬ್ಯಾಟುಗಳ ಚೀಲ ಹೊತ್ತ ಕ್ಲಬ್ಬಿನವರ ಸಾಲೇ ನಿಂತಿತು. "ವರ್ಷಪೂರ್ತಿ ನಿಮ್ಮದೇ ಕೈ ಅಮ್ಮ," ಎಂದರು ಕಾರ್ಯದರ್ಶಿ. "ಕೋಳಿ ಇಳಿದಿದೆ ತಾನೇ?"

ಅಪ್ಪ ಪಾರ್ಸೆಲ್ ಕಂಪನಿಯವರಿಗೆ ಫೋನ್ ಮಾಡಿ, "ಇಲ್ಲಪ್ಪ, ಜಾಗ ಕೊಡಲ್ಲ, ಇಲ್ಲಿ ಕೆಲಸ ಇದೆ," ಎಂದರು. ಆ 'ಕೆಲಸ ಇದೆ' ಎಂಬುದನ್ನು ಬೇಕೆಂದೇ ಎರಡು ಸಲ ಹೇಳಿದರು. ಅವರ ದನಿ ಇಷ್ಟು ಹಗುರಾದದ್ದನ್ನು ಮಗಳು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅವಳು ತಿರುಗಿ ನಿಂತು ಕಣ್ಣೊರೆಸಿಕೊಂಡಳು.

ಎಲ್ಲರೂ ಹೋದ ಮೇಲೆ ಅವನು ಬಂದ. ಬಂದವನು ಎರಡೂ ಕೈ ಚಾಚಿ ತೋರಿಸಿದ. ಉಗುರ ಸಂದಿಯಲ್ಲೂ ಗ್ರೀಸ್ ಇರಲಿಲ್ಲ. ಉಜ್ಜಿ ಉಜ್ಜಿ ಬೆರಳು ಕೆಂಪಾಗಿದ್ದವು.

"ಒಂದು ಗಂಟೆ ತೊಳೆದೆ," ಎಂದ. "ಫೋನ್ ನೋಡಿ. ಬಾಯಲ್ಲಿ ಹೇಳಿದ್ದಲ್ಲ, ಬೆರಳಲ್ಲಿ ಬರೆದಿದ್ದು. ಮೂರು ಸಲ ಓದಿದ್ದೀನಿ, ಒಂದಕ್ಷರ ತಪ್ಪಿಲ್ಲ."

ನಿನ್ನೆಯೇ ಬ್ಲಾಕ್ ತೆಗೆದಿದ್ದ ಫೋನು ಅವಳ ಕೈಯಲ್ಲಿ ಟಣ್ ಎಂದಿತು.

"ನಿಮಗೆ ಸರಿಸಾಟಿ ಇಲ್ಲ. ಬೇಟೆಯ ನೆಪ ಇಲ್ಲದೆ ದಿನಾ ನಿಮ್ಮ ಜೊತೆ ಇರಬೇಕು ಅನ್ನೋ ಆಸೆ. ನನ್ನನ್ನ ಮದುವೆ ಆಗ್ತೀರಾ?"

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಪೇಪರಿನ ಹಿಂದೆ ಅಪ್ಪ ಉಸಿರು ಬಿಗಿಹಿಡಿದಿದ್ದರು. ಪೇಪರು ತಲೆಕೆಳಗಾಗಿತ್ತು.

"ಸರಿ," ಎಂದಳು ಗಟ್ಟಿಗಿತ್ತಿ.

ಅವನು ಕಾದ. ಗಾಬರಿಯಿಂದ ಅವಳ ಮುಖ ನೋಡಿದ. "ಸರಿ... ಆಮೇಲೆ? ಮುಂದೆ 'ಇಲ್ಲ' ಅಂತ ಏನಾದ್ರೂ ಇದೆಯಾ?"

ಅವಳು ಆ ಕೆಂಪು ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಏನೂ ಇಲ್ಲ. ಅಷ್ಟೇ. ಸರಿ."